ಮಲೆನಾಡಿನ ಶಾಲಾಮಕ್ಕಳ ಊಟ: ರುಚಿ, ರೂಢಿ ಮತ್ತು ಅಗತ್ಯ

ಒಂದನೆಯಿಂದ ಐದನೆಯ ತರಗತಿಯವರೆಗಿನ ಮಕ್ಕಳ ಊಟವನ್ನು ಮೂರು ಸಂಗತಿಗಳು ರೂಪಿಸುತ್ತವೆ: ನಾಲಿಗೆ ಬಯಸುವುದು, ಮನೆ ಮತ್ತು ಶಾಲೆ ಬಡಿಸುವುದು, ಬೆಳೆಯುವ ದೇಹಕ್ಕೆ ಬೇಕಾದದ್ದು. ಮೂರೂ ಹೊಂದಿಕೊಂಡ ಕಡೆ ಮಗು ಚೆನ್ನಾಗಿ ಬೆಳೆಯುತ್ತದೆ. ಹೊಂದದ ಕಡೆ ತಟ್ಟೆಯಲ್ಲಿ ಅನ್ನ ಉಳಿಯುತ್ತದೆ, ಇಲ್ಲವೇ ಹೊಟ್ಟೆ ತುಂಬಿದರೂ ದೇಹ ಸೊರಗುತ್ತದೆ. ಹಳೆಯ ಬಿದನೂರು ನಗರದ ಆಸುಪಾಸಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ತನ್ನದೇ ಆದ ಮುಖವಿದೆ. ಗದ್ದೆ, ಅಡಿಕೆ ತೋಟ ಮತ್ತು ಕಾಡು ಮೂರೂ ಮನೆಯ ಬಾಗಿಲಲ್ಲೇ ಇರುವ ಈ ಸೀಮೆಯಲ್ಲಿ ಸೊಪ್ಪು, ಗೆಡ್ಡೆ, ಹಣ್ಣು, ಮೀನುಗಳಿಗೆ ಬರವಿಲ್ಲ. ಆದರೂ ಇಲ್ಲಿನ ಮಕ್ಕಳ ಕೈಯಲ್ಲಿ ಇಂದು ಕಾಣುವುದು ಹೆಚ್ಚಾಗಿ ಅಂಗಡಿಯ ಪೊಟ್ಟಣ. ಮಕ್ಕಳ ರುಚಿ ಹುಟ್ಟಿನಿಂದ ಬಂದು ಅಲ್ಲೇ ನಿಂತುಬಿಟ್ಟ ಗುಣವಲ್ಲ. ಏನು ಬಡಿಸಲಾಯಿತು, ಯಾರ ಜೊತೆ ಕೂತು ಉಂಡರು, ಕಣ್ಣಳತೆಯಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ಅದು ದಿನದಿನವೂ ಬೆಳೆಯುತ್ತದೆ. ಹೀಗಾಗಿ ಮಕ್ಕಳ ಊಟದ ಹೊಣೆ ಮಕ್ಕಳದ್ದಲ್ಲ, ಹಿರಿಯರದ್ದು.

ದೇಹಕ್ಕೆ ಬೇಕಾದದ್ದು

ಶಾಲೆಗೆ ಸೇರುವ ವಯಸ್ಸಿನಲ್ಲಿ ಬೆಳವಣಿಗೆ ಶೈಶವದಷ್ಟು ವೇಗವಾಗಿರುವುದಿಲ್ಲ. ಆದರೆ ನಿಲ್ಲುವುದೂ ಇಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ, ಮೂಳೆ ಉದ್ದವಾಗುವ, ಮುಂದಿನ ಹರೆಯಕ್ಕೆ ದೇಹ ಸಂಗ್ರಹ ಮಾಡಿಕೊಳ್ಳುವ ಕಾಲ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ ಶಕ್ತಿ ಮತ್ತು 16 ಗ್ರಾಂ ಪ್ರೋಟೀನ್ ಬೇಕು. 7ರಿಂದ 9 ವರ್ಷದ ಮಗುವಿಗೆ 1,700 ಕ್ಯಾಲೊರಿ ಮತ್ತು 23 ಗ್ರಾಂ ಪ್ರೋಟೀನ್ ಬೇಕು. ಇದೇ ಅವಧಿಯಲ್ಲಿ ಕಬ್ಬಿಣಾಂಶದ ಅಗತ್ಯ 11 ಮಿಲಿಗ್ರಾಂನಿಂದ 15ಕ್ಕೆ, ಸುಣ್ಣಾಂಶದ ಅಗತ್ಯ 550 ಮಿಲಿಗ್ರಾಂನಿಂದ 650ಕ್ಕೆ ಏರುತ್ತದೆ.

ಈ ಅಂಕಿಗಳಲ್ಲಿ ಗಮನಿಸಬೇಕಾದ ಮಾತೊಂದಿದೆ. ಶಕ್ತಿಯ ಅಗತ್ಯವನ್ನು ಅನ್ನವೊಂದೇ ಬಹುಮಟ್ಟಿಗೆ ತುಂಬಿಸಬಲ್ಲದು. ಕಬ್ಬಿಣ, ಸುಣ್ಣ, ಜೀವಸತ್ವಗಳನ್ನು ಅನ್ನವೊಂದೇ ಕೊಡಲಾರದು. ಅವು ಬೇಳೆಕಾಳು, ಸೊಪ್ಪು, ಹಾಲು, ಹಣ್ಣು, ಮೊಟ್ಟೆ, ಮೀನುಗಳಿಂದಲೇ ಬರಬೇಕು. ಅನ್ನವೇ ಪ್ರಧಾನವಾದ ಮಲೆನಾಡಿನಲ್ಲಿ ಮಗು ‘ಚೆನ್ನಾಗಿ ಉಂಡಿತು’ ಎಂದು ಹೇಳುವಾಗ ಅನ್ನದ ಪ್ರಮಾಣದ ಜೊತೆಗೆ ಅನ್ನಕ್ಕೆ ಕಲಸಿಕೊಂಡದ್ದು ಏನು ಎಂಬುದನ್ನೂ ನೋಡಬೇಕಾಗುತ್ತದೆ.

ನಾಲಿಗೆ ಕಲಿಯುವ ಬಗೆ

ಸಿಹಿಯ ಒಲವು ಮತ್ತು ಕಹಿಯ ಹೇವರಿಕೆ ಹುಟ್ಟಿನಿಂದಲೇ ಬರುತ್ತವೆ. ಸಿಹಿ ಶಕ್ತಿಯ ಸೂಚನೆ, ಕಹಿ ವಿಷದ ಸೂಚನೆ ಎಂಬ ಪ್ರಾಚೀನ ಎಚ್ಚರ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಕಹಿಯನ್ನು ಗ್ರಹಿಸುವ ಶಕ್ತಿ ಎಲ್ಲರಲ್ಲೂ ಒಂದೇ ಅಲ್ಲ. ವಂಶವಾಹಿಗಳ ವ್ಯತ್ಯಾಸದಿಂದ ಕೆಲವು ಮಕ್ಕಳಿಗೆ ಹಾಗಲಕಾಯಿ, ಮೆಂತ್ಯ ಸೊಪ್ಪು ಇತರರಿಗಿಂತ ಹೆಚ್ಚು ಕಹಿಯಾಗಿರುತ್ತವೆ. ಅಂಥ ಮಗುವನ್ನು ಹಟಮಾರಿ ಎನ್ನುವುದು ಅನ್ಯಾಯ.

ಹೊಸ ತಿನಿಸಿನ ಅಂಜಿಕೆ ಎರಡರಿಂದ ಆರು ವರ್ಷದ ನಡುವೆ ಹೆಚ್ಚಾಗಿದ್ದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಂದನೆಯ ತರಗತಿಗೆ ಬರುವ ಮಗು ಈ ಅಂಜಿಕೆಯ ಕೊನೆಯ ಹಂತದಲ್ಲಿರುತ್ತದೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರ ದಶಕದ ಆರಂಭದಿಂದ ನಡೆಸಿದ ಪ್ರಯೋಗಗಳು ಇದಕ್ಕೆ ಪರಿಹಾರವನ್ನೂ ತೋರಿಸಿದವು. ಒಂದು ತಿನಿಸನ್ನು ಸ್ವಲ್ಪಸ್ವಲ್ಪವೇ ಮತ್ತೆಮತ್ತೆ ರುಚಿ ನೋಡಿದಷ್ಟೂ ಮಕ್ಕಳಿಗೆ ಅದು ಹಿಡಿಸತೊಡಗುತ್ತದೆ. ಇದಕ್ಕೆ ಎಂಟರಿಂದ ಹದಿನೈದು ಸಲ ಬೇಕಾಗಬಹುದು. ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಲಕ್ಕೇ ‘ಇವನಿಗೆ ಇದು ಸೇರುವುದಿಲ್ಲ’ ಎಂಬ ತೀರ್ಮಾನ ಆಗಿಹೋಗಿರುತ್ತದೆ. ಬರ್ಚ್ ಅವರ 1980ರ ಇನ್ನೊಂದು ಪ್ರಯೋಗದಲ್ಲಿ, ತನಗೆ ಬೇಡವಾದ ತರಕಾರಿಯನ್ನು ಜೊತೆಯ ಮಕ್ಕಳು ಇಷ್ಟಪಟ್ಟು ತಿನ್ನುವುದನ್ನು ಕೆಲವು ದಿನ ಕಂಡ ಮಗು ತಾನೂ ಅದನ್ನೇ ಆರಿಸಿಕೊಂಡಿತು. ಗೆಳೆಯರ ಪಂಕ್ತಿಗೆ ಇರುವ ಈ ಶಕ್ತಿ ಶಾಲೆಯ ಊಟದ ಮಹತ್ವವನ್ನು ಹೆಚ್ಚಿಸುತ್ತದೆ.

ರುಚಿಯ ಪಾಠ ಹುಟ್ಟುವ ಮೊದಲೇ ತೊಡಗುತ್ತದೆ. ಗರ್ಭಿಣಿಯರು ಅಥವಾ ಹಾಲೂಡುವ ತಾಯಂದಿರು ಕ್ಯಾರೆಟ್ ರಸ ಕುಡಿದಿದ್ದರೆ ಅವರ ಕೂಸುಗಳು ಕ್ಯಾರೆಟ್ ಬೆರೆಸಿದ ಆಹಾರವನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ ಎಂದು ಜೂಲಿ ಮೆನ್ನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಬಾಣಂತಿಗೆ ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿಯ ಅಡುಗೆ ಬಡಿಸುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಆ ಪರಿಮಳಗಳ ಪರಿಚಯ ಹಾಲಿನ ಮೂಲಕವೇ ಆಗಿರಬಹುದು.

ಮನೆಯ ಅಡುಗೆ, ಋತುವಿನ ಅಡುಗೆ

ಈ ಮೂರು ತಾಲ್ಲೂಕುಗಳಲ್ಲಿ ಮನೆಯ ಅಡುಗೆ ಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗುತ್ತದೆ. ಹವ್ಯಕರ ಮನೆಗಳಲ್ಲಿ ತಂಬುಳಿ, ಅಪ್ಪೆಹುಳಿ, ಹಶಿ, ಸಾಸಿವೆ, ತೆಳ್ಳನೆಯ ದೋಸೆ. ಒಕ್ಕಲಿಗರ ಮನೆಗಳಲ್ಲಿ ಅಕ್ಕಿ ಕಡುಬು, ಅಕ್ಕಿ ರೊಟ್ಟಿ, ಕೋಳಿ ಸಾರು. ದೀವರ ಮನೆಗಳಲ್ಲಿ ಗಂಜಿ, ಮೀನು ಸಾರು, ಕಾಡಿನ ಸೊಪ್ಪು. ಎಲ್ಲಕ್ಕೂ ತಳಹದಿ ಅಕ್ಕಿ. ಹಿಂದೆ ರೂಢಿಯಲ್ಲಿದ್ದ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ತೌಡಿನ ಬಿ ಜೀವಸತ್ವಗಳು ಕಾಳಿನೊಳಗೆ ಇಳಿಯುತ್ತವೆ. ನುಣ್ಣಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಬಂದಮೇಲೆ ಮಕ್ಕಳಿಗೆ ಅದರ ಬಿಳುಪು, ಮೃದುತ್ವ ಹಿಡಿಸಿತು. ಸತ್ವ ಮಾತ್ರ ಕಡಿಮೆಯಾಯಿತು.

ಮಳೆಗಾಲ ಇಲ್ಲಿನ ಊಟದ ದೊಡ್ಡ ಯಜಮಾನ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿತ್ತಿಲಿನಲ್ಲಿ ಬಯಲುಸೀಮೆಯ ತರಕಾರಿ ಬೆಳೆಯುವುದು ಕಷ್ಟ. ಅದಕ್ಕೆಂದೇ ಬೇಸಿಗೆಯ ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕುವ, ಹಲಸಿನ ಹಪ್ಪಳ ಒಣಗಿಸುವ, ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವ ಪದ್ಧತಿ ಬೆಳೆಯಿತು. ಮಳೆಯೇ ತರುವ ಆಹಾರವೂ ಇದೆ: ಕಳಲೆ, ಅಣಬೆ, ಕೆಸುವಿನ ಎಲೆಯ ಪತ್ರೊಡೆ, ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನು, ಗದ್ದೆಯ ಏಡಿ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯಲ್ಲಿ ನಾನಾ ಬಗೆಯ ಸೊಪ್ಪು, ಕುಡಿಗಳನ್ನು ಸೇರಿಸಿ ಬೇಯಿಸಿ ಗದ್ದೆಗೆ ಬೀರುವ ದೀವರ ಆಚರಣೆ, ಸುತ್ತಲಿನ ಸೊಪ್ಪುಗಳನ್ನು ಗುರುತಿಸುವ ವಿದ್ಯೆಯನ್ನು ಮಕ್ಕಳಿಗೂ ದಾಟಿಸುತ್ತ ಬಂದಿದೆ.

ಮಕ್ಕಳ ನಾಲಿಗೆಗೆ ತಕ್ಕಂತೆ ಕಹಿ, ಒಗರುಗಳನ್ನು ಪಳಗಿಸುವ ಉಪಾಯವೂ ಈ ಅಡುಗೆಯಲ್ಲಿದೆ. ಒಂದೆಲಗ, ದೊಡ್ಡಪತ್ರೆ, ನೆಲನೆಲ್ಲಿಯಂಥ ಎಲೆಗಳನ್ನು ಕಾಯಿತುರಿ, ಜೀರಿಗೆಯೊಂದಿಗೆ ರುಬ್ಬಿ ಮಜ್ಜಿಗೆಯಲ್ಲಿ ಬೆರೆಸಿ ತಂಬುಳಿ ಮಾಡಿದಾಗ ತೆಂಗಿನ ಕೊಬ್ಬು ಮತ್ತು ಮಜ್ಜಿಗೆಯ ಹುಳಿ ಕಹಿಯನ್ನು ಮೆದುಗೊಳಿಸುತ್ತವೆ. ಕೆಸುವಿನ ತುರಿಕೆಯನ್ನು ಹುಣಸೆಹುಳಿ ಮತ್ತು ಚೆನ್ನಾಗಿ ಬೇಯಿಸುವುದು ತಗ್ಗಿಸುತ್ತವೆ. ಇಷ್ಟವಾದ ರುಚಿಯೊಡನೆ ಇಷ್ಟವಿಲ್ಲದ್ದನ್ನು ಬೆರೆಸಿ ಕೊಟ್ಟರೆ ಎರಡನೆಯದೂ ಕ್ರಮೇಣ ಒಗ್ಗುತ್ತದೆ ಎಂದು ಇಂದಿನ ಸಂಶೋಧನೆ ಹೇಳುವುದನ್ನು ತಂಬುಳಿ ಬಹುಕಾಲದಿಂದ ಮಾಡಿ ತೋರಿಸುತ್ತಿದೆ.

ಮನೆಯ ಊಟದ ಹೊರಗೆ ಇನ್ನೊಂದು ಊಟವಿತ್ತು. ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಮಕ್ಕಳು ಋತುವಿಗೆ ತಕ್ಕಂತೆ ನೇರಳೆ, ಕವಳಿಹಣ್ಣು, ಪೇರಲೆ, ಗೇರುಹಣ್ಣು, ಕಾಡುಮಾವು, ಮುರುಗಲು, ನೆಲ್ಲಿಕಾಯಿಗಳನ್ನು ತಿನ್ನುತ್ತಿದ್ದರು. ಲೆಕ್ಕಕ್ಕೆ ಸಿಗದ ಈ ತಿನಿಸಿನಿಂದ ಸಿ ಜೀವಸತ್ವ ಧಾರಾಳವಾಗಿ ಸಿಗುತ್ತಿತ್ತು. ಆಮೇಲೆ ಬೇಣ, ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪುಗಳು ಹರಡಿದವು. ಸಣ್ಣ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿ, ಪೇಟೆಯ ಶಾಲೆಗೆ ವ್ಯಾನಿನಲ್ಲಿ ಹೋಗುವವರು ಹೆಚ್ಚಿದರು. ಹಣ್ಣಿನ ಮರವೂ ನಡೆಯುವ ದಾರಿಯೂ ಒಟ್ಟಿಗೆ ದೂರವಾದವು.

ಒಂದು ದಿನದ ಊಟ

ಬೆಳಗಿನ ತಿಂಡಿ ಈ ಭಾಗದಲ್ಲಿ ಮೂಲತಃ ಗಟ್ಟಿಯಾದದ್ದು: ದೋಸೆ, ರೊಟ್ಟಿ, ಕಡುಬು, ಒತ್ತು ಶ್ಯಾವಿಗೆ, ಜೊತೆಗೆ ಚಟ್ನಿ, ಜೋನಿಬೆಲ್ಲ, ತುಪ್ಪ ಅಥವಾ ಹಿಂದಿನ ದಿನದ ಸಾರು. ಒಂಟಿಮನೆಗಳ ಮಕ್ಕಳು ಬಸ್ಸು, ವ್ಯಾನು ಹಿಡಿಯಲು ಬೇಗ ಹೊರಡಬೇಕಾದಾಗ ಇದೇ ಮೊದಲು ಸೊರಗುತ್ತದೆ. ನಿದ್ದೆಗಣ್ಣಿನಲ್ಲಿ ಹಸಿವು ಹುಟ್ಟಿರುವುದಿಲ್ಲ. ಅರ್ಧ ದೋಸೆ, ಒಂದು ಲೋಟ ಚಹಾ, ಎರಡು ಬಿಸ್ಕತ್ತಿಗೆ ಬೆಳಗು ಮುಗಿಯುತ್ತದೆ. ಹತ್ತೂವರೆಯ ಹೊತ್ತಿಗೆ ತರಗತಿಯಲ್ಲಿ ಕಾಣುವ ತೂಕಡಿಕೆ, ಗಮನ ತಪ್ಪುವಿಕೆಗೆ ಹಲವು ಸಲ ಇದೇ ಕಾರಣ.

ಮಧ್ಯಾಹ್ನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ. ಖಾಸಗಿ ಶಾಲೆಗಳಲ್ಲಿ ಟಿಫಿನ್ ಬಾಕ್ಸ್. ಬಾಕ್ಸಿನಲ್ಲಿ ಚಿತ್ರಾನ್ನ, ಪುಳಿಯೋಗರೆ, ಚಪಾತಿಗಳದೇ ಹೆಚ್ಚು ಪಾಲು, ಏಕೆಂದರೆ ಸೋರದ, ಹಳಸದ, ಬೇಗ ತಿಂದು ಮುಗಿಯುವ ತಿನಿಸೇ ಅಲ್ಲಿಗೆ ಹೊಂದುತ್ತದೆ. ಸಾರು, ಮಜ್ಜಿಗೆ, ಸೊಪ್ಪಿನ ಪಲ್ಯ ಅಲ್ಲಿಗೆ ಬರುವುದು ಅಪರೂಪ. ಸಂಜೆ ಮನೆಗೆ ಮರಳಿದ ಮಗುವಿನ ಹಸಿವು ದಿನದಲ್ಲೇ ಅತಿ ಹೆಚ್ಚು. ಆ ಹೊತ್ತಿಗೆ ಎದುರಿಗಿದ್ದದ್ದನ್ನು ಅದು ತಿನ್ನುತ್ತದೆ. ಬಾಳೆಹಣ್ಣು, ಅವಲಕ್ಕಿ, ಬೇಯಿಸಿದ ಗೆಣಸು ಇದ್ದರೆ ಅದನ್ನು, ಕುರುಕಲು ಇದ್ದರೆ ಅದನ್ನು. ರಾತ್ರಿಯ ಊಟ ಟಿವಿ ಅಥವಾ ಮೊಬೈಲ್ ಮುಂದೆ ನಡೆದರೆ ಮಗು ಹೊಟ್ಟೆ ತುಂಬಿದ್ದನ್ನೂ ಗಮನಿಸುವುದಿಲ್ಲ, ತುಂಬದ್ದನ್ನೂ ಗಮನಿಸುವುದಿಲ್ಲ.

ಒಂದು ಹೊತ್ತಿನ ಊಟ ಕಡಿಮೆಯಾಯಿತೆಂದು ಗಾಬರಿಪಡಬೇಕಾಗಿಲ್ಲ. ಎಳೆಯ ಮಕ್ಕಳು ಹೊತ್ತಿನಿಂದ ಹೊತ್ತಿಗೆ ತಿನ್ನುವ ಪ್ರಮಾಣ ಬಹಳ ಏರುಪೇರಾದರೂ ಇಡೀ ದಿನದ ಮೊತ್ತ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ ಎಂದು ಬರ್ಚ್ ಮತ್ತು ಸಂಗಡಿಗರ 1991ರ ಅಧ್ಯಯನ ಕಂಡುಕೊಂಡಿತು.

ಬಿಸಿಯೂಟದ ಪಂಕ್ತಿ

ಪ್ರಾಥಮಿಕ ಶಾಲೆಗಳ ಪೌಷ್ಟಿಕ ಆಹಾರದ ರಾಷ್ಟ್ರೀಯ ಯೋಜನೆ 1995ರ ಆಗಸ್ಟ್ 15ರಂದು ಆರಂಭವಾಯಿತು. ಆಗ ಅನೇಕ ಕಡೆ ಮಕ್ಕಳಿಗೆ ಸಿಗುತ್ತಿದ್ದದ್ದು ಬೇಯಿಸದ ಧಾನ್ಯ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ತೊಡಗಿ, 2003ರಲ್ಲಿ ಶಿವಮೊಗ್ಗ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಬಂದಿತು. ಕೇಂದ್ರದ ಯೋಜನೆಗೆ 2021ರಿಂದ ಪಿಎಂ ಪೋಷಣ್ ಎಂಬ ಹೆಸರಿದೆ. ಐದನೆಯ ತರಗತಿಯವರೆಗಿನ ಪ್ರತಿ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಬಳಸಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಕೊಡಬೇಕೆಂಬುದು ಅದರ ನಿಯಮ. ಎಂಟು ವರ್ಷದ ಮಗುವಿಗೆ ಇದು ದಿನದ ಶಕ್ತಿಯ ಕಾಲು ಭಾಗ, ಪ್ರೋಟೀನಿನ ಅರ್ಧ ಭಾಗ.

ಹಳ್ಳಿಯ ಶಾಲೆಗಳಲ್ಲಿ ಅಡುಗೆ ಶಾಲೆಯ ಅಡುಗೆಕೋಣೆಯಲ್ಲೇ ಆಗುತ್ತದೆ. ಅಡುಗೆಯವರು ಅದೇ ಊರಿನ ಹೆಂಗಸರು. ಅವರಿಗೆ ಪ್ರತಿ ಮಗುವಿನ ರುಚಿ ಗೊತ್ತು. ಅನ್ನ ಸಾಂಬಾರು ನಿತ್ಯದ್ದು. ಬಿಸಿಬೇಳೆಬಾತ್, ಉಪ್ಪಿಟ್ಟು, ಪಾಯಸ ನಡುವೆ ಬರುವ ಬದಲಾವಣೆ. ಸಾಂಬಾರಿನ ತೆಳುಭಾಗ ಬಡಿಸಿಕೊಂಡು ತರಕಾರಿ ಹೋಳು, ಕರಿಬೇವನ್ನು ತಟ್ಟೆಯಂಚಿಗೆ ಸರಿಸುವುದು ಎಲ್ಲ ಶಾಲೆಗಳ ಮಕ್ಕಳ ರೂಢಿ. ತರಕಾರಿಯನ್ನು ಸಣ್ಣಗೆ ಹೆಚ್ಚಿದರೆ, ಸೊಪ್ಪನ್ನು ಬೇಳೆಯೊಡನೆ ಮಸೆದರೆ ಅದೇ ಮಕ್ಕಳು ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗಕ್ಕೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ಸಾಗರದಿಂದ ಲಾಂಚಿನ ದಾರಿಯೇ ಹತ್ತಿರದ್ದಾಗಿತ್ತು. ಅಂಥ ಊರುಗಳಲ್ಲಿ ಶಾಲೆಯ ಕೈತೋಟದ ಬಸಳೆ, ಹರಿವೆ, ನುಗ್ಗೆ, ಪರಂಗಿಗೆ ಪೇಟೆಯ ತರಕಾರಿಗಿಂತ ಹೆಚ್ಚಿನ ಬೆಲೆಯುಂಟು.

ಊಟದ ಜೊತೆಗೆ ಮೂರು ಪೂರಕಗಳು ಸೇರಿವೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು ಸಿಗುತ್ತದೆ. ಕೊಟ್ಟಿಗೆಯ ಹಾಲಿಗೆ ಒಗ್ಗಿದ ಮಕ್ಕಳಿಗೆ ಪುಡಿಯ ವಾಸನೆ ಮೊದಲು ಹಿಡಿಸದಿರುವುದು ಸಹಜ. ಬಿಸಿಯಾಗಿ, ಗಂಟಿಲ್ಲದಂತೆ ಕಲಸಿ ಕೊಟ್ಟಾಗ ಕುಡಿಯುವವರು ಹೆಚ್ಚುತ್ತಾರೆ. 2024ರ ಫೆಬ್ರವರಿಯಿಂದ ವಾರದಲ್ಲಿ ಮೂರು ದಿನ ಹಾಲಿನೊಡನೆ ರಾಗಿ ಮಾಲ್ಟ್ ಬಂದಿದೆ. ಬಯಲುಸೀಮೆಯ ಮಗುವಿಗೆ ರಾಗಿ ಮನೆಯ ರುಚಿ, ಮಲೆನಾಡಿನ ಮಗುವಿಗೆ ಹೊಸ ರುಚಿ. ಸುಣ್ಣಾಂಶ ತುಂಬಿದ ಈ ಧಾನ್ಯ ಅಕ್ಕಿಯ ಸೀಮೆಗೆ ನಿಜಕ್ಕೂ ಬೇಕಾದದ್ದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಆರಂಭವಾದ ಮೊಟ್ಟೆ 2022ರಲ್ಲಿ ಇಡೀ ರಾಜ್ಯಕ್ಕೆ ಬಂದಿತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನಕ್ಕೆ ಹೆಚ್ಚಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲಾಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದರೆ ಬಾಳೆಹಣ್ಣಿನಲ್ಲಿ ಇರುವುದು 1 ಗ್ರಾಂ. ಹೀಗಾಗಿ ಮೊಟ್ಟೆ ಬಿಡುವ ಮನೆಗಳು ಹೆಸರುಕಾಳು, ಶೇಂಗಾ, ಹಾಲು, ಮೊಸರಿನಿಂದ ಆ ಅಂತರವನ್ನು ತುಂಬಬೇಕಾಗುತ್ತದೆ. ಎರಡೂ ಬಗೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು, ಒಬ್ಬರ ಊಟವನ್ನು ಇನ್ನೊಬ್ಬರು ಹೀಗಳೆಯದೆ ಉಣ್ಣುವುದನ್ನು ಕಲಿಯುವುದು ಬಿಸಿಯೂಟದ ದೊಡ್ಡ ಲಾಭಗಳಲ್ಲಿ ಒಂದು.

ಅಂಗಡಿಯ ಪೊಟ್ಟಣ

ಸಿಹಿ, ಕುರುಕಲು ಮಲೆನಾಡಿನ ಮಕ್ಕಳಿಗೆ ಹೊಸದಲ್ಲ. ಚಳಿಗಾಲದ ಆಲೆಮನೆಯಲ್ಲಿ ಕಬ್ಬಿನ ಹಾಲು, ಬಿಸಿ ಬೆಲ್ಲ, ತೊಡದೇವು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಬೆಂಡು ಬತ್ತಾಸು. ಮಳೆಗಾಲದ ಸಂಜೆಗೆ ಹಲಸಿನ ಹಪ್ಪಳ. ಇವುಗಳಿಗೆ ಒಂದು ಕಾಲವಿತ್ತು. ಹಬ್ಬ ಕಳೆದರೆ ಸಿಹಿಯೂ ಮುಗಿಯುತ್ತಿತ್ತು. ಐದು ರೂಪಾಯಿಯ ಪೊಟ್ಟಣಕ್ಕೆ ಕಾಲವಿಲ್ಲ. ಬಸ್ ನಿಲ್ದಾಣದ ಗೂಡಂಗಡಿಯಲ್ಲಿ, ಹಳ್ಳಿಯ ಕಿರಾಣಿಯಲ್ಲಿ, ಪೇಟೆಯ ಬೇಕರಿಯಲ್ಲಿ ಅದು ವರ್ಷವಿಡೀ ತೂಗುತ್ತಿರುತ್ತದೆ. ಉಪ್ಪು, ಸಕ್ಕರೆ, ಎಣ್ಣೆ ಹದವಾಗಿ ಬೆರೆತ ಆ ರುಚಿಗೆ ಒಗ್ಗಿದ ನಾಲಿಗೆಗೆ ಮನೆಯ ಪಲ್ಯ ಸಪ್ಪೆಯೆನಿಸುತ್ತದೆ.

ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ಎಂಟು ವರ್ಷದ ಮಗುವಿಗೆ ಇದು ಸುಮಾರು 42 ಗ್ರಾಂ, ಹತ್ತು ಟೀ ಚಮಚ. ಚಹಾ, ಬಿಸ್ಕತ್ತು, ಒಂದು ಬಾಟಲಿ ತಂಪು ಪಾನೀಯ ಸೇರಿದರೆ ಆ ಮಿತಿ ದಾಟುತ್ತದೆ. ಬೆಲ್ಲ, ಜೇನುತುಪ್ಪಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರುವುದನ್ನು ತಡೆಯುತ್ತದೆ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಬಳಸುವುದನ್ನು ನಿಷೇಧಿಸಿತು. ನಿಯಮ ಜಾರಿಯಾಗುವುದು ಊರಿನವರು ಕೇಳಿದಾಗ ಮಾತ್ರ. ಆ ಕೆಲಸ ಶಾಲಾಭಿವೃದ್ಧಿ ಸಮಿತಿಯಿಂದಲೇ ತೊಡಗಬಹುದು.

ಕಾಣುವ ಮತ್ತು ಕಾಣದ ಕೊರತೆ

2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 22ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 23ರಷ್ಟು ಮಂದಿ ಸಣಕಲು, ಶೇ. 24ರಷ್ಟು ಮಂದಿ ರಕ್ತಹೀನರು, ಶೇ. 4ರಷ್ಟು ಮಂದಿಗೆ ಅತಿತೂಕ. ಶಾಲೆಗೆ ಬರುವ ಮುನ್ನವೇ ಕೊರತೆ ತೊಡಗಿರುತ್ತದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು.

ರಕ್ತಹೀನತೆಗೆ ಊಟದ ರೂಢಿಯೂ ಕಾರಣವಾಗುತ್ತದೆ. ಊಟದೊಡನೆ ಅಥವಾ ಊಟವಾದ ಕೂಡಲೇ ಕುಡಿದ ಚಹಾ, ಕಾಫಿ ಸೊಪ್ಪು ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರದಂತೆ ಮಾಡುತ್ತವೆ. ನಿಂಬೆ, ನೆಲ್ಲಿ, ಪೇರಲೆಗಳ ಸಿ ಜೀವಸತ್ವ ಹೀರಿಕೆಯನ್ನು ಹೆಚ್ಚಿಸುತ್ತದೆ. ಚಹಾದ ಬದಲು ಕೊತ್ತಂಬರಿ ಜೀರಿಗೆಯ ಕಷಾಯಕ್ಕೆ ಹಾಲು ಬೆರೆಸಿ ಕೊಡುವ ಮಲೆನಾಡಿನ ಪದ್ಧತಿ ಮಕ್ಕಳ ಮಟ್ಟಿಗೆ ಒಳ್ಳೆಯದು. ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳದ ಭಯವಿದೆ; ಅದು ಕರುಳಿನಲ್ಲಿದ್ದು ರಕ್ತ ಹೀರುತ್ತದೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನದ ಮಾತ್ರೆ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ, ಕಾಲಿಗೆ ಚಪ್ಪಲಿ, ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯುವುದು ಇವೆಲ್ಲವೂ ಪೋಷಣೆಯ ಭಾಗಗಳೇ.

ಹಿರಿಯರ ನಡವಳಿಕೆ

ಮಕ್ಕಳನ್ನು ಉಣ್ಣಿಸಲು ಹಿರಿಯರು ಹಿಡಿಯುವ ದಾರಿಗಳಲ್ಲಿ ಮೂರು ತಿರುಗುಬಾಣವಾಗುತ್ತವೆ. ಒತ್ತಾಯ ಮೊದಲನೆಯದು: ಸೂಪನ್ನು ಮುಗಿಸುವಂತೆ ಮತ್ತೆಮತ್ತೆ ಒತ್ತಾಯಿಸಿದಾಗ ಮಕ್ಕಳು ಕಡಿಮೆ ಕುಡಿದರು, ಅದರ ಬಗ್ಗೆ ಹೆಚ್ಚು ದೂರಿದರು ಎಂದು 2006ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಆಮಿಷ ಎರಡನೆಯದು: ‘ಪಲ್ಯ ತಿಂದರೆ ಚಾಕೊಲೇಟ್’ ಎಂದಾಗ ಪಲ್ಯ ಶಿಕ್ಷೆಯಾಗುತ್ತದೆ, ಚಾಕೊಲೇಟ್ ಬಹುಮಾನವಾಗುತ್ತದೆ. ಕಣ್ಣೆದುರು ಇಟ್ಟು ನಿಷೇಧಿಸುವುದು ಮೂರನೆಯದು: ಬಿಗಿಯಾಗಿ ತಡೆದ ತಿನಿಸಿನತ್ತ ಮಕ್ಕಳ ಗಮನ, ಆಸೆ ಹೆಚ್ಚುವುದನ್ನು ಫಿಶರ್ ಮತ್ತು ಬರ್ಚ್ 1999ರಲ್ಲಿ ತೋರಿಸಿದರು. ಮನೆಗೇ ತರದಿರುವುದು ತಂದು ಅಡಗಿಸುವುದಕ್ಕಿಂತ ಉತ್ತಮ.

ಸರಿಯಾದ ದಾರಿಯನ್ನು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೊಣೆಯ ಹಂಚಿಕೆಯಾಗಿ ವಿವರಿಸಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರದ್ದು, ತಿನ್ನಬೇಕೇ, ಎಷ್ಟು ಎಂಬುದು ಮಗುವಿನದ್ದು. 1928ರಲ್ಲಿ ಕ್ಲಾರಾ ಡೇವಿಸ್ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಕೂಸುಗಳು ತಾವೇ ಆರಿಸಿ ತಿಂದು ಚೆನ್ನಾಗಿ ಬೆಳೆದವು. ಆದರೆ ಅವುಗಳ ಮುಂದೆ ಇಟ್ಟದ್ದೆಲ್ಲ ಸಂಸ್ಕರಿಸದ ಒಳ್ಳೆಯ ಆಹಾರವೇ ಆಗಿತ್ತು ಎಂಬುದು ಅದರ ಮುಖ್ಯ ಪಾಠ. ಇದರೊಡನೆ ಹಿರಿಯರು ಅದೇ ಊಟವನ್ನು ಮಕ್ಕಳ ಜೊತೆ ಕೂತು ಉಣ್ಣುವುದು ಸೇರಬೇಕು. ತಂದೆ ತಟ್ಟೆಯಿಂದ ಸರಿಸಿದ ಸೊಪ್ಪನ್ನು ಮಗು ತಿನ್ನುವುದಿಲ್ಲ.

ಶಾಲೆ ಮತ್ತು ಊರು ಮಾಡಬಹುದಾದದ್ದು

ಮಲೆನಾಡಿನ ಶಾಲೆಗಳಿಗೆ ಬೇಕಾದ ಉಪಾಯಗಳು ದುಬಾರಿಯವಲ್ಲ. ಕೈತೋಟದಲ್ಲಿ ಮಕ್ಕಳೇ ನೆಟ್ಟು ನೀರೆರೆದ ಬಸಳೆ ಸಾಂಬಾರಿಗೆ ಬಂದಾಗ ಅದನ್ನು ಸರಿಸುವ ಕೈ ತಡೆಯುತ್ತದೆ. ಬೇಲಿಯ ಬದಿಗೆ ನೆಲ್ಲಿ, ಪೇರಲೆ, ನೇರಳೆ, ನುಗ್ಗೆ ನೆಟ್ಟರೆ ವ್ಯಾನಿನಲ್ಲಿ ಬರುವ ಮಕ್ಕಳಿಗೂ ದಾರಿಯ ಹಣ್ಣು ಸಿಗುತ್ತದೆ. ಊರಿನ ಅಜ್ಜಿಯರು ಸೊಪ್ಪುಗಳನ್ನು ಗುರುತು ಹಿಡಿಯಲು ಕಲಿಸಬಹುದು. ಗೊತ್ತಿಲ್ಲದ ಅಣಬೆ, ಕಾಯಿಗಳನ್ನು ಬಾಯಿಗಿಡಬಾರದೆಂಬ ಎಚ್ಚರವೂ ಆ ಪಾಠದಲ್ಲೇ ಇರಬೇಕು. ವಾರಕ್ಕೊಮ್ಮೆ ತಂಬುಳಿ, ಮಜ್ಜಿಗೆಹುಳಿ, ಮೊಳಕೆಕಾಳಿನ ಕೋಸಂಬರಿ ಪಂಕ್ತಿಗೆ ಬಂದರೆ ಎಲ್ಲ ಮನೆಗಳ ಮಕ್ಕಳಿಗೂ ಅವುಗಳ ಪರಿಚಯವಾಗುತ್ತದೆ. ಹುಟ್ಟುಹಬ್ಬಕ್ಕೆ ಚಾಕೊಲೇಟಿನ ಬದಲು ಬಾಳೆಗೊನೆ, ಶೇಂಗಾ ಉಂಡೆ ಹಂಚುವ ರೂಢಿಯನ್ನು ಶಿಕ್ಷಕರೇ ಆರಂಭಿಸಬಹುದು. ಹೊಸ ತಿನಿಸನ್ನು ಒಂದು ಚಮಚದಷ್ಟೇ ಬಡಿಸಿ, ಉಳಿಸಿದರೆ ಗದರದೆ, ಮುಂದಿನ ವಾರ ಮತ್ತೆ ಬಡಿಸುವ ತಾಳ್ಮೆ ಅಡುಗೆಯವರಿಗೂ ಶಿಕ್ಷಕರಿಗೂ ಬೇಕು.

ಪ್ರಾಥಮಿಕ ಶಾಲೆಯ ಐದು ವರ್ಷಗಳಲ್ಲಿ ಒಂದು ಮಗು ಪಂಕ್ತಿಯಲ್ಲಿ ಸಾವಿರದಷ್ಟು ಸಲ ಉಣ್ಣುತ್ತದೆ. ಒಂದು ರುಚಿ ಒಗ್ಗಲು ಹದಿನೈದು ಸಲ ಸಾಕೆಂದ ಮೇಲೆ, ಮಲೆನಾಡಿನ ಸೊಪ್ಪು, ಕಾಳು, ಹಣ್ಣುಗಳನ್ನೆಲ್ಲ ಒಂದೊಂದಾಗಿ ಪರಿಚಯಿಸಲು ಆ ಊಟಗಳು ಧಾರಾಳವಾಗಿ ಸಾಕಾಗುತ್ತವೆ.